ಗೋಡೆಯ ಆಚೆಯವರು

ವಾಮನರಾಯರು ಕಟ್ಟಡವೊಂದನ್ನು ಪರಿಶೀಲಿಸುವುದೆಂದರೆ ಮೊದಲು ಪಕ್ಕದ ಮನೆಯವರಿಂದ ಒರಳಿನಲ್ಲಿ ಏನಾದರೂ ಕುಟ್ಟಿಸುವುದು. ಆಚೆ ಮೆಣಸಿನಕಾಯಿ ಕುಟ್ಟುತ್ತಿದ್ದರೆ ಇವರು ಈಚೆ ಕೋಟು ಕಳಚಿಟ್ಟು, ಗೋಡೆಗೆ ಎರಡೂ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪೆಟ್ಟು ಅಂಗೈಗೆ ತಾಗಿದರೆ ಎರಡು ಮನೆಗೂ ಅದೊಂದೇ ಗೋಡೆ. ಅಹಮದಾಬಾದಿನ ಹಳೇ ಪೇಟೆಯ ಪೋಳಗಳಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನ ಆ ಇಕ್ಕಟ್ಟು ಓಣಿಗಳಲ್ಲಿ, ಮನೆಗಳು ಹಾಗೆ ಒಂದಕ್ಕೊಂದು ಒರಗಿಕೊಂಡೇ ನಿಂತಿದ್ದವು.

ರಾಯರು ಧಾರವಾಡದವರು. ಮುಂಬಯಿ ಸರ್ಕಾರದ ನೌಕರಿ ಹಿಡಿದು ಬಂದವರು ರಾಜ್ಯ ಒಡೆದು ಗುಜರಾತ್ ಬೇರೆಯಾದ ಮೇಲೂ ಅಲ್ಲೇ ಉಳಿದರು. ಕಟ್ಟಡಗಳಿಗೆ ಪರವಾನಗಿ ಕೊಡುವುದು ಅವರ ಕೆಲಸ. ನಾನು ಸುದ್ದಿಸಂಸ್ಥೆಯ ವರದಿಗಾರ. ಅರವತ್ತರ ದಶಕದ ಆ ವರ್ಷಗಳಲ್ಲಿ ಕನ್ನಡ ಕೇಳಬೇಕೆನಿಸಿದಾಗ ಅವರ ಬೆನ್ನಿಗೆ ಬಿದ್ದು ಓಣಿ ಸುತ್ತುತ್ತಿದ್ದೆ. ಶಾಂತಾಬಾ ಎಂಬ ಮುದುಕಿ ಅವರನ್ನು ಕಂಡೊಡನೆ ಒನಕೆ ಎತ್ತಿಕೊಂಡು, ಸಾಹೇಬರ ಮನೆಯಲ್ಲಿ ಕುಟ್ಟುವವರು ಯಾರೂ ಇಲ್ಲವೇನೋ ಎಂದು ಗುಜರಾತಿಯಲ್ಲಿ ಛೇಡಿಸುತ್ತಿದ್ದಳು.

ಆಗಿನ ಪದ್ಧತಿಯಲ್ಲಿ ನೆರೆಯವರು ಒಪ್ಪದೆ ಪರವಾನಗಿ ಇಲ್ಲ. ಒಪ್ಪಿಗೆ ಹಗೆ ತೀರಿಸುವ ದಾರಿಯೂ ಆಗಿತ್ತು. ನಿಶ್ಚಯವಾದ ಸಂಬಂಧ ಮುರಿದ ಸಿಟ್ಟಿಗೆ ಒಬ್ಬಾತ ಪಕ್ಕದವರ ಮಾಳಿಗೆ ರಿಪೇರಿಯನ್ನು ತಡೆದ. ಮಳೆಗಾಲವಿಡೀ ಆ ಮನೆಯ ಬಾಣಂತಿ ಸೋರುವ ಸೂರಿನಡಿ ಮಲಗಿದಳು. ಅದನ್ನು ಕಂಡು ರಾಯರು ಕೆಂಡವಾದರು. ಪದ್ಧತಿ ಬದಲಿಸಲು ನಗರದ ಸಮಿತಿ ಕೇಳಿದಾಗ ಹೊಸ ನಿಯಮವನ್ನು ಅವರೇ ಬರೆದುಕೊಟ್ಟರು. ಸ್ಥಳ ನೋಡುವುದು, ನೆರೆಯವರನ್ನು ಕೇಳುವುದು ಎರಡೂ ಇಲ್ಲ. ನಕ್ಷೆ ನೋಡಿ ತೀರ್ಮಾನ.

"ಇನ್ನ ಯಾರೂ ಯಾರ ಕಾಲೂ ಹಿಡಿಯೂದು ಬ್ಯಾಡ," ಎಂದರು ನನಗೆ. "ಅಳತಿ ಸರಿ ಇದ್ರ ಪರವಾನಗಿ, ಇಲ್ಲಂದ್ರ ಇಲ್ಲ."

ಪೇಟೆಯಲ್ಲಿ ಅಂಗಡಿಗಳು ಭರದಿಂದ ಎದ್ದವು. ಬಟ್ಟೆ ವ್ಯಾಪಾರಿಯೊಬ್ಬ ನೆಲಮಾಳಿಗೆಗೆ ಅರ್ಜಿ ಹಾಕಿದ. ನಕ್ಷೆಯಲ್ಲಿ ಅವನ ಜಾಗ ಮಾತ್ರ ಇತ್ತು, ಅಳತೆ ಸರಿಯಿತ್ತು. ರಾಯರು ಸಹಿ ಹಾಕಿದರು. ಬುನಾದಿ ಅಗೆದು ಬಿಟ್ಟಿದ್ದಾಗ ಮಳೆ ಹಿಡಿಯಿತು. ನಡುಗೋಡೆ ಕೆಳಗಿನಿಂದ ಜಾರಿ, ಪಕ್ಕದ ಮನೆ ಮೂರು ಅಂತಸ್ತೂ ಕುಸಿಯಿತು. ಅದು ಶಾಂತಾಬಾಳ ಮನೆ. ಮಧ್ಯಾಹ್ನದ ಹೊತ್ತಿಗೆ ಅವಳ ಹೆಣ ತೆಗೆದರು. ರಾಯರು ಕೊನೆಯವರೆಗೂ ಮಣ್ಣಿನಲ್ಲೇ ನಿಂತಿದ್ದರು.

ವಿಚಾರಣೆಯಲ್ಲಿ ಎಲ್ಲವೂ ನಿಯಮದಂತೆ ನಡೆದಿದೆ, ಯಾರದೂ ತಪ್ಪಿಲ್ಲ ಎಂದಾಯಿತು. ರಾಯರು ಸಮಿತಿಯ ಮುಂದೆ ಹೋಗಿ, ಒಪ್ಪಿಗೆ ಬೇಡ, ಅಗೆಯುವ ಮುನ್ನ ನೆರೆಮನೆ ನೋಡುವುದನ್ನಾದರೂ ಮತ್ತೆ ಸೇರಿಸಿ ಎಂದು ಬೇಡಿಕೊಂಡರು. ಅಧ್ಯಕ್ಷರು ಚಹಾ ತರಿಸಿ, ನಿಮ್ಮ ನಿಯಮದಿಂದ ಊರು ಬೆಳೆಯುತ್ತಿದೆ ಎಂದು ಹೊಗಳಿ ಕಳಿಸಿದರು.

ಆ ಸಂಜೆ ರಾಯರು ನನ್ನ ಕಚೇರಿಗೆ ಬಂದರು. "ತಪ್ಪು ನಂದು ಅಂತ ಬರೀರಿ."

"ವಿಚಾರಣೆಯ ವರದಿಯಲ್ಲಿ ಹಾಗಿಲ್ಲವಲ್ಲ, ರಾಯರೇ."

"ವರದಿಯೊಳಗ ಆ ಮುದುಕೀನೂ ಇಲ್ಲರಿ," ಎಂದು ಎದ್ದು ಹೋದರು.

ಮುಂದೆ ಸೂರತ್ ಅದೇ ನಿಯಮವನ್ನು ಅಳವಡಿಸಿಕೊಂಡಿತು. ಜಾರಿಗೆ ತರಲು ಅದನ್ನು ಬರೆದ ರಾಯರನ್ನೇ ಕಳಿಸಿದರು. ಪಿಂಚಣಿಗೆ ಇನ್ನೂ ಕಾಲವಿತ್ತು, ಮಗಳ ಮದುವೆಯಾಗಿರಲಿಲ್ಲ, ಹೋದರು.

ಜರಿ ವ್ಯಾಪಾರದ ಸುದ್ದಿಗೆಂದು ಸೂರತ್ತಿಗೆ ಹೋದಾಗ ಅವರನ್ನು ಕಂಡೆ. ಕಚೇರಿ ಮುಗಿದಿತ್ತು. ಬರ್ರಿ ಎಂದು ಹಳೇ ಪೇಟೆಯ ಓಣಿಯೊಂದಕ್ಕೆ ಕರೆದುಕೊಂಡು ಹೋದರು. ಹೊಸದಾಗಿ ಅಗೆದ ಗುಂಡಿ, ಅದರ ಅಂಚಿಗೇ ಒಂದು ಮನೆ. ಬಾಗಿಲು ತೆರೆದ ಯಜಮಾನನಿಗೆ ತಮ್ಮ ಒಡಕು ಗುಜರಾತಿಯಲ್ಲಿ, ಈ ಮಳೆಗಾಲಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆಲ್ಲಾದರೂ ಇರಿ ಎಂದು ತಿಳಿಸಿ ಹೇಳಿದರು.

ಅವನು ಗುಂಡಿಯತ್ತ ನೋಡಿದ. ಅಷ್ಟು ಅಪಾಯವಿದ್ದರೆ ಪರವಾನಗಿ ಕೊಟ್ಟವರು ಯಾರು ಎಂದು ಕೇಳಿದ.

"ನಾನೇ," ಎಂದರು ರಾಯರು.

ಅವನು ಬಾಗಿಲು ಹಾಕಿಕೊಂಡ. ಒಳಗೆ ಮಗುವೊಂದು ಯಾರು ಬಂದಿದ್ದರೆಂದು ಕೇಳುತ್ತಿತ್ತು. ರಾಯರು ಮತ್ತೆ ಬಾಗಿಲು ತಟ್ಟಿದರು. ನನಗೆ ರೈಲಿನ ಹೊತ್ತಾಗಿತ್ತು. ಓಣಿಯ ತಿರುವಿನವರೆಗೂ ತಟ್ಟುವುದು ಕೇಳಿಸುತ್ತಿತ್ತು. ಆಮೇಲೆ ಅವರನ್ನು ನಾನು ನೋಡಲಿಲ್ಲ.