ಅಪ್ಪನ ಎರಡನೆಯ ಸ್ನಾನ

ಎಪ್ಪತ್ತರ ದಶಕದಲ್ಲಿ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ನಾನು ಮಂಡ್ಯದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಕೆಲಸ ಕಲಿಯಲು ಸೇರಿದೆ. ವೈದ್ಯನಾಥಪುರದಿಂದ ಮದ್ದೂರಿಗೆ ನಡಿಗೆ, ಅಲ್ಲಿಂದ ರೈಲು. ಅಪ್ಪ ದೇವಸ್ಥಾನದ ಪೂಜೆ ಮಾಡುವವರು. ಸಂಜೆ ಆಸ್ಪತ್ರೆಯಿಂದ ಬಂದವಳು ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಮಡಿಯಲ್ಲಿರುವ ಅಪ್ಪನನ್ನಂತೂ ಆಮೇಲೂ ಮುಟ್ಟುವ ಹಾಗಿಲ್ಲ.

ಯಂತ್ರ, ಕತ್ತಲೆಕೋಣೆ, ಫಿಲ್ಮು ತೊಳೆಯುವುದು ಎಲ್ಲ ಬಂತು. ಬಾರದೆ ಹೋದದ್ದು ರೋಗಿಯನ್ನು ಮುಟ್ಟುವುದು. ಎದೆಯ ಚಿತ್ರಕ್ಕೆ ರೋಗಿ ಫಿಲ್ಮಿನ ಪೆಟ್ಟಿಗೆಗೆ ಎದೆಯೊತ್ತಿ ನಿಲ್ಲಬೇಕು, ನಾವು ಹಿಂದಿನಿಂದ ಹೆಗಲು ಹಿಡಿದು ಮುಂದಕ್ಕೆ ತಳ್ಳಬೇಕು. ಇಲ್ಲದಿದ್ದರೆ ಹೆಗಲ ಮೂಳೆ ಶ್ವಾಸಕೋಶವನ್ನು ಮುಚ್ಚಿಬಿಡುತ್ತದೆ. ಹೆಂಗಸರಾದರೆ ಸರಿ. ಗಂಡಸರ ಬರಿಮೈ ಕಂಡರೆ ನನ್ನ ಕೈ ಮುಂದಕ್ಕೇ ಬರುತ್ತಿರಲಿಲ್ಲ. ದೂರ ನಿಂತು ಬಾಯಲ್ಲೇ ಹೇಳುತ್ತಿದ್ದೆ, ಫಿಲ್ಮು ಕೆಡುತ್ತಿತ್ತು.

ಕಲಿಸುತ್ತಿದ್ದ ಟೆಕ್ನಿಷಿಯನ್ ಮಳವಳ್ಳಿ ಕಡೆಯವರು. "ಏನವ್ವ, ದೂರದಿಂದ್ಲೇ ಮಂಗಳಾರ್ತಿ ಎತ್ತೀಯಾ? ಮುಂದಿನ್ ವಾರ ಪರೀಕ್ಸೆ. ಅವತ್ತೂ ಇಂಗೇ ಮಾಡುದ್ರೆ ಪಾಸ್ ಮಾಡಕ್ಕಾಗಕಿಲ್ಲ, ಮನೇಲೇ ಇದ್ದುಬುಡು," ಎಂದರು.

ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನನ್ನ ಮೇಲೆಯೇ. ಆ ಕೆಲಸ ನನಗೆ ಅಷ್ಟು ಹಿಡಿಸಿತ್ತು. ಸಂಜೆ ಅಮ್ಮನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

ಸ್ನಾನ ಮುಗಿಸಿ ಪೂಜೆಗೆ ಹೊರಟಿದ್ದ ಅಪ್ಪನ ಕಿವಿಗೆ ಅದು ಬಿತ್ತು. ಅವರು ಊಟದ ಮಣೆಯೊಂದನ್ನು ತಂದು ಗೋಡೆಗಾನಿಸಿ, ಎದೆಯಿಂದ ಒತ್ತಿ ಹಿಡಿದು, ನನಗೆ ಬೆನ್ನು ಹಾಕಿ ನಿಂತರು.

"ಎಲ್ಲಿ ತಳ್ಳಬೇಕೋ ತಳ್ಳು."

"ಅಪ್ಪ, ಮಡಿ..."

"ಬಾವೀಲಿ ನೀರಿಗೇನು ಬರವೇ? ತಳ್ಳಮ್ಮ."

ಹೆಗಲು ಇನ್ನೂ ತಣ್ಣಗಿತ್ತು. ಅಪ್ಪ ಇಷ್ಟು ಸಣಕಲಾಗಿದ್ದಾರೆಂದು ನನಗೆ ತಿಳಿದೇ ಇರಲಿಲ್ಲ; ಸಂಕಟವಾಯಿತು. "ಉಸಿರು ಎಳ್ಕೊಂಡು ಹಿಡ್ಕೊಳ್ಳಿ," ಎಂದವಳು ಹಾಗೇ ನಿಂತುಬಿಟ್ಟೆ.

"ಇನ್ನು ಬಿಡಬಹುದೇನಮ್ಮ?" ಎಂದರು ಅಪ್ಪ. ಆಮೇಲೆ ಮತ್ತೆ ಸ್ನಾನಕ್ಕೆ ಹೋದರು. ವಾರವಿಡೀ ಹೀಗೇ ನಡೆಯಿತು.

ಪರೀಕ್ಷೆಯ ದಿನ ನನಗೆ ಸಿಕ್ಕ ರೋಗಿ ಹನಕೆರೆಯ ರೈತ. ಎರಡೂ ಹೆಗಲು ಹಿಡಿದು ತಳ್ಳಿದೆ. "ನಿಧಾನ ಕಣವ್ವ, ಗೋಡೆ ಒಳೀಕೇ ಓಯ್ತೀನಿ," ಎಂದ ಆತ. ಫಿಲ್ಮು ನಿಚ್ಚಳವಾಗಿ ಬಂತು. ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

ಸಂಜೆ ಹಿತ್ತಿಲಿಗೆ ಬಂದಾಗ ಅಪ್ಪ ಮಡಿಯುಟ್ಟು ದೇವಸ್ಥಾನಕ್ಕೆ ಹೊರಟಿದ್ದರು. ದೂರದಲ್ಲೇ ನಿಂತು, ಪಾಸಾದೆ ಎಂದೆ. ನನ್ನದಿನ್ನೂ ಸ್ನಾನವಾಗಿರಲಿಲ್ಲ, ಮೈಯೆಲ್ಲ ಆಸ್ಪತ್ರೆಯ ವಾಸನೆ. ಅಪ್ಪ ನೆಟ್ಟಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಬಾವಿಗೆ ಕೊಡ ಇಳಿಸಿದರು.