ಅಂಗೈ ತೆರೆಸಿದ ಹೆಬ್ಬೆರಳು

ಅಂಗೈಯಲ್ಲಿ ಬಂದು ಕುಳಿತು ಪೂಜೆಗೊಳ್ಳುವ ಪರಶಿವನಿಗೆ ಮೊದಲ ಶರಣು. ಆ ಅಂಗೈಯನ್ನೇ ನನಗೆ ಮರಳಿಸಿದವರಿಗೆ ಎರಡನೆಯ ಶರಣು. ಇವೆರಡನ್ನೂ ಸಲ್ಲಿಸದೆ ಅವರ ವಿಷಯ ಬರೆಯಲು ನನಗೆ ಮನಸ್ಸಾಗದು.

ಅವರ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿ, ತೇದು ತೇದು ಸವೆದ ಗಂಧದ ಕೊರಡಿನಂತೆ ನುಣುಪಾಗಿತ್ತು. ಉಗುರನ್ನು ಕಾಣದಷ್ಟು ಗಿಡ್ಡಕ್ಕೆ ಕತ್ತರಿಸಿಕೊಂಡಿರುತ್ತಿದ್ದರು. ಯಾರನ್ನೇ ಮುಟ್ಟುವ ಮೊದಲು ಚಹಾದ ಮಗ್ಗನ್ನು ಎರಡೂ ಕೈಗಳಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು, “ಮುಟ್ಟಲೇ?” ಎಂದು ಕೇಳುವರು. ನಿನ್ನೆ ಮುಟ್ಟಿದವರನ್ನೂ ಇಂದು ಮತ್ತೆ ಕೇಳುವರು.

ಯೌವನದಲ್ಲೇ ಹಾಂಗ್‌ಕಾಂಗಿನಿಂದ ಬಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ನೆಲೆಸಿದ ಚೀನೀ ವೃದ್ಧರು ಅವರು. ಅಲ್ಲಿ ನಾನು ಮಗನ ಮನೆಯಲ್ಲಿದ್ದ ಬೀದಿಯ ಕೊನೆಯ ಸಮುದಾಯ ಭವನದಲ್ಲಿ ಶನಿವಾರಗಳಂದು ಕುಂಗ್‌ಫು ಕಲಿಸುತ್ತಿದ್ದರು. ಅವರ ಪರಂಪರೆಯ ವಿದ್ಯೆ ದೇಹದ ಮರ್ಮಸ್ಥಾನಗಳದು. ಒತ್ತಿದರೆ ನೋವಿಳಿಸುವ ಬಿಂದುವೇ ಹೊಡೆದರೆ ಎದುರಾಳಿಯನ್ನು ಕೆಡಹುವುದು. ನನ್ನ ಮೊಮ್ಮಗಳು ಅವರ ಶಿಷ್ಯೆ. ಅವಳು ಕರೆದಂತೆ ನಾನೂ ಅವರನ್ನು ‘ಸಿಫು’ ಎಂದೆ. ಗುರು ಎಂಬುದಕ್ಕೆ ಅವರಲ್ಲಿ ಆ ಮಾತು. ಅವರಾದರೋ ಆ ಇಂಗ್ಲಿಷ್ ಊರಿನವರ ರೂಢಿಯಂತೆ ಎಲ್ಲರನ್ನೂ, ಧಾರವಾಡದಲ್ಲಿ ಜೀವಮಾನವಿಡೀ ಸಂಸ್ಕೃತ ಪಾಠ ಹೇಳಿದ ನನ್ನನ್ನೂ, ಮಗುವನ್ನು ಕರೆದಂತೆ ‘ಬ್ಯಾಬ್’ ಎನ್ನುತ್ತಿದ್ದರು.

ಒಂದು ವರ್ಷ ನನಗೆ ಸಣ್ಣ ಪಾರ್ಶ್ವವಾಯು ತಗುಲಿತು. ಕಾಲು ಚೇತರಿಸಿತು, ಮಾತು ಉಳಿಯಿತು. ಎಡಗೈ ಮಾತ್ರ ಮುಷ್ಟಿಗಟ್ಟಿ ನಿಂತಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸುವುದು ನಮ್ಮ ಧರ್ಮ. ಬಾಲ್ಯದಿಂದ ತಪ್ಪದ ಆ ಪೂಜೆ ನಿಂತುಹೋಯಿತು. ಲಿಂಗವು ನನ್ನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯೊಳಗೇ ಉಳಿಯಿತು. ವೈದ್ಯನಾದ ಮಗ, “ಫಿಸಿಯೋ ಮಾಡ್ರಿ ಅಪ್ಪಾ, ನಿಧಾನಕ್ಕ ಬರ್ತದ” ಎನ್ನುತ್ತಿದ್ದ. ನಾನು ಕರಡಿಗೆಯನ್ನು ಮುಟ್ಟಿಕೊಳ್ಳುತ್ತಿದ್ದೆ.

“ಅಜ್ಜಾ, ಜಸ್ಟ್ ಲೆಟ್ ಹಿಮ್ ಲುಕ್” ಎಂದು ಮೊಮ್ಮಗಳು ಒಂದು ಶನಿವಾರ ನನ್ನನ್ನು ಕರೆದೊಯ್ದಳು. ಸಿಫು ಅನುಮತಿ ಕೇಳಿ, ಭುಜದಿಂದ ಮೊದಲುಮಾಡಿ ಎದೆಯ ನಡುವಿನತ್ತ ಬೆರಳು ತಂದರು. ಸ್ವೆಟರಿನೊಳಗಿನ ಕರಡಿಗೆ ತಾಗಿದ್ದೇ ತಡ, ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದರು.

“ಯಾರು ಕಲಿಸಿದರು ನಿಮಗೆ? ಇಲ್ಲಿ ಎಂದೂ ಹೊಡೆಯಕೂಡದೆಂದು ನಮ್ಮ ಗುರುಗಳ ಅಪ್ಪಣೆ. ನೀವು ಕವಚವನ್ನೇ ಕಟ್ಟಿಕೊಂಡಿದ್ದೀರಲ್ಲ!”

“ಕವಚವಲ್ಲ, ನನ್ನ ದೇವರು.”

“ದೇವರಾ? ಒಳ್ಳೆ ಪೋಸ್ಟ್‌ಕೋಡಿನಲ್ಲೇ ಮನೆ ಹಿಡಿದಿದ್ದಾನೆ, ಬ್ಯಾಬ್!”

ನಕ್ಕವರು ಮರುಕ್ಷಣವೇ ಎದ್ದು ನಿಂತು ತಲೆಬಾಗಿದರು. ಮುಂದೆ ಎಂದೂ ಅವರ ಕೈ ಅತ್ತ ಸುಳಿಯಲಿಲ್ಲ.

ಮಗ ಎಚ್ಚರಿಸಿದ: “ಕೈ ಒತ್ತಿದ್ರ ಒತ್ತಲಿ. ಕುತ್ತಿಗಿ ಮಾತ್ರ ಮುಟ್ಟಿಸ್ಕೋಬ್ಯಾಡ್ರಿ.” ಅದನ್ನು ತಿಳಿಸಿದಾಗ ಸಿಫು, “ನಿಮ್ಮ ಮಗ ಹೇಳಿದ್ದೇ ಸರಿ. ಫಿಸಿಯೋನೂ ಬಿಡಬೇಡಿ” ಎಂದರು.

ಹಾಗೆಂದು ಅವರು ಬರಿಯ ಗಂಭೀರರಲ್ಲ. ತಮ್ಮ ಗುರುವಿನ ಗುರು ಒಬ್ಬ ದರೋಡೆಕೋರನನ್ನು ಒಂದೇ ಬೆರಳಿನಿಂದ ಕೆಡಹಿದ ಕಥೆಯನ್ನು ಆಗಾಗ ಹೇಳುವರು. ಹೇಳಿದ ಪ್ರತಿ ಸಲವೂ ಆ ದರೋಡೆಕೋರ ಒಂದಿಷ್ಟು ದಪ್ಪಗಾಗುತ್ತಿದ್ದ. “ನೀವು ಕಣ್ಣಾರೆ ಕಂಡಿರಾ?” ಎಂದೆ. “ಇಲ್ಲ. ಕಥೆ ಚೆನ್ನಾಗಿಲ್ಲವೇ?” ಎಂದರು.

ಶಿವರಾತ್ರಿ ಹತ್ತಿರವಾಯಿತು. ಒಂದು ದಿನ ದಾಂಡಿಗನಾದ ಶಿಷ್ಯನೊಬ್ಬ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, “ಕಥೆ ಸಾಕು ಸಿಫು, ಇದನ್ನು ಬಿಡಿಸಿ ನೋಡೋಣ” ಎಂದು ಕೆಣಕಿದ. ಸಿಫು ಅವನ ಮುಂಗೈಯ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಮುಷ್ಟಿ ತಾನಾಗಿ ಬಿಚ್ಚಿಕೊಂಡು ಕೀಲಿ ಝಣ್ಣೆಂದು ನೆಲಕ್ಕೆ ಬಿತ್ತು.

“ಅಯ್ಯೋ, ನನ್ನ ಕೈ ಎಲ್ಲಿ ಹೋಯಿತು!” ಎಂದು ಅವನು ಕೂಗಿದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ಹೋಗಿ ನನ್ನ ಮುಷ್ಟಿಯನ್ನು ಅವರ ಮುಂದೆ ಚಾಚಿದೆ.

“ನನಗೂ ಹಾಗೆಯೇ ಹೊಡೆಯಿರಿ. ಶಿವರಾತ್ರಿಗೆ ಈ ಕೈ ತೆರೆಯಬೇಕು.”

ಸಿಫು ಕೀಲಿಯನ್ನೆತ್ತಿ ಶಿಷ್ಯನಿಗೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಹೊಡೆತಕ್ಕೆ ತೆರೆದ ಕೈ ಇದ್ದದ್ದನ್ನು ಬೀಳಿಸುತ್ತದೆ, ಕಂಡಿರಲ್ಲ? ನಿಮಗೆ ಬೇಕಾದದ್ದು ತೆರೆದೂ ಹಿಡಿಯುವ ಕೈ. ಹೇಳಿ, ನಿಮ್ಮ ದೇವರು ಎಷ್ಟು ದೊಡ್ಡವನು?”

ಆತನ ಅನಂತತೆಯನ್ನು ತರಗತಿಗಳಲ್ಲಿ ವಿವರಿಸಿದವನು ನಾನು. ಅಂದು ಬಲಗೈಯ ಎರಡು ಬೆರಳುಗಳ ನಡುವೆ ಅಳತೆ ತೋರಿಸಿದೆ. ಅವರು ಕಪಾಟಿನಿಂದ ಒಂದು ಪಿಂಗ್‌ಪಾಂಗ್ ಚೆಂಡು ತಂದರು.

ಅಲ್ಲಿಂದ ನಮ್ಮ ಅಭ್ಯಾಸ ನಡೆಯಿತು. ಅವರು ಮುಂಗೈಯ ಬಿಂದುಗಳನ್ನು ಒತ್ತುವರು, ಬೆರಳುಗಳು ಒಂದಿಷ್ಟು ಸಡಿಲುವವು, ಚೆಂಡನ್ನಿಡುವರು, ಅದು ಉರುಳುವುದು. “ಅಜ್ಜಾ, ಯುವರ್ ಗಾಡ್ ಈಸ್ ಅಂಡರ್ ದ ರೇಡಿಯೇಟರ್ ಅಗೇನ್!” ಎಂದು ಮೊಮ್ಮಗಳು ಕೂಗಿದಾಗ ಮೊದಲು ನೊಂದೆ, ಬಳಿಕ ಅವಳು ಮಂಡಿಯೂರಿ, ಆ ಚೆಂಡನ್ನು ಎರಡೂ ಕೈಗಳಲ್ಲಿ ಎತ್ತಿ ತರುವುದನ್ನು ಕಂಡು ನಕ್ಕುಬಿಟ್ಟೆ.

ಶಿವರಾತ್ರಿಯ ಮುಂಜಾವು ಮಗ ನನ್ನ ಮಡಿಲಲ್ಲಿ ಮಡಿವಸ್ತ್ರ ಹಾಸಿದ, ಜಾರಿದರೆ ಇರಲಿ ಎಂದು. ಬೆರಳುಗಳು ಅರೆ ಬಿಚ್ಚಿದವು. ಕರಡಿಗೆಯಿಂದ ಲಿಂಗವನ್ನು ತೆಗೆದಿರಿಸಿದೆ. ಮಂತ್ರ ಮುಗಿಯುವವರೆಗೂ ಅದು ಜಾರಲಿಲ್ಲ. ಇದು ಹೆಬ್ಬೆರಳಿನ ಫಲವೋ, ಫಿಸಿಯೋದ ಫಲವೋ, ಕಾಲದ್ದೋ ಎಂದು ಮಗನೂ ಹೇಳಲಿಲ್ಲ, ಸಿಫುವೂ ಹೇಳಲಿಲ್ಲ.

ಕಳೆದ ಚಳಿಗಾಲ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಆ ಹೆಬ್ಬೆರಳು ಹೊದಿಕೆಯ ಮೇಲೆ ತಣ್ಣಗೆ ಬಿದ್ದಿತ್ತು. ಅವರ ಮಗಳು ತಂದಿತ್ತ ಮಗ್ಗಿನಲ್ಲಿ ಕೈ ಕಾಯಿಸಿಕೊಂಡು, “ಮುಟ್ಟಲೇ?” ಎಂದೆ. ಕಣ್ಣು ಮುಚ್ಚಿ ಆಗಲೆಂದು ತಲೆಯಾಡಿಸಿದರು. ಅವರು ತೆರೆಸಿದ ಕೈಯಿಂದಲೇ ಅವರ ಮುಂಗೈಯ ಬಿಂದುವನ್ನು ಹುಡುಕಿ ಒತ್ತಿದೆ.

“ಸ್ವಲ್ಪ ಕೆಳಗೆ, ಬ್ಯಾಬ್.”

ಅವರ ಬಾಯಿಂದ ನಾನು ಕೇಳಿದ ಕೊನೆಯ ಪಾಠ ಅದು. ಆ ವಾರವೇ ಲಿಂಗೈಕ್ಯರಾದರು. ಬೇರೆ ಮಾತಿನಲ್ಲಿ ಹೇಳಲು ನನ್ನ ನಾಲಗೆ ಒಪ್ಪುವುದಿಲ್ಲ.

ನನ್ನ ಕಿರುಬೆರಳು ಇಂದಿಗೂ ನೆಟ್ಟಗಾಗಿಲ್ಲ. ಅದರ ಬಾಗಿಗೆ ಒರಗಿ ಲಿಂಗವು ಜಾರದೆ ಕೂರುತ್ತದೆ. ಚೆಂಡನ್ನು ಹೆಕ್ಕಿ ತಂದವಳಿಗೆ, ಮಡಿವಸ್ತ್ರ ಹಾಸಿದವನಿಗೆ, ಕೀಲಿ ಬೀಳಿಸಿಕೊಂಡು ನಗಿಸಿದವನಿಗೆ, ಬೆರಳುಗಳಿಗೆ ವ್ಯಾಯಾಮ ಕಲಿಸಿದ ಫಿಸಿಯೋ ತಾಯಿಗೆ ಶಿವನು ಸುಖವನ್ನೀಯಲಿ. ಕೇಳದೆ ಯಾರನ್ನೂ ಮುಟ್ಟದ ಆ ಹೆಬ್ಬೆರಳನ್ನು ಶಿವನು ತನ್ನ ಅಂಗೈಯಲ್ಲಿ ಬೆಚ್ಚಗಿಟ್ಟುಕೊಳ್ಳಲಿ.