ಪಿಸ್ತೂಲ್ ಈರಪ್ಪ ಬಿಚ್ಚಿದ ಮೊದಲ ಪಿಸ್ತೂಲು

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ತೇಳು. ಬೈಲಹೊಂಗಲದ ಪೇಟೆಯಲ್ಲಿ ಪರವಾನಿಗೆ ಇದ್ದ ಒಂದು ಬಂದೂಕಿನ ಅಂಗಡಿ ಇತ್ತು, ಅಲ್ಲಿ ನಾನು ಮಿಸ್ತ್ರಿ. ಕಿತ್ತೂರಿನ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆ ಪಾಸಾದದ್ದೇ ನನ್ನ ಓದು. ಅಂಗಡಿ ಸೇರಿ ಮೂವತ್ತೊಂದು ವರ್ಷವಾಗಿತ್ತು. ದೇಗಾಂವದ ಕಡೆಯ ರೈತರು ಹಂದಿ ಓಡಿಸಲು ಇಟ್ಟುಕೊಂಡ ಹನ್ನೆರಡು ಬೋರಿನ ಬಂದೂಕು, ಬ್ಯಾಂಕಿನ ಕಾವಲುಗಾರರ ಜೋಡುನಳಿಗೆ, ಅಜ್ಜಂದಿರ ಕಾಲದ ಮದ್ದು ತುಂಬುವ ಕೋವಿ, ಇವಿಷ್ಟೇ ನನ್ನ ಕೈಗೆ ಬರುತ್ತಿದ್ದವು. ನಳಿಗೆ ತಿಕ್ಕುವುದು, ಗುಂಡು ಹಾರಿಸುವ ಕುದುರೆ ಸರಿಮಾಡುವುದು, ಮರದ ಹಿಡಿಗೆ ಎಣ್ಣೆ ಉಣಿಸುವುದು ನನ್ನ ಕೆಲಸ.

ಆದರೆ ಊರವರು ನನ್ನನ್ನು ಕರೆಯುತ್ತಿದ್ದುದು ಪಿಸ್ತೂಲ್ ಈರಪ್ಪ ಎಂದು. ಈ ಹೆಸರು ಹುಟ್ಟಿದ್ದು ಸುಳ್ಳಿನಿಂದ, ಆ ಸುಳ್ಳು ನನ್ನದೇ. ಕೆಲಸ ಕೇಳಲು ಹೋದ ದಿನ ಅಂಗಡಿಯ ಸಾವಕಾರ ಮಲ್ಲೇಶಪ್ಪನವರು, "ಏನೇನ ಬರತೈತಿ ನಿನಗ?" ಎಂದು ಕೇಳಿದರು. "ನಮ್ಮ ಸ್ವಾದರಮಾವ ಬೆಳಗಾವಿ ಮಿಲಿಟರ‍್ಯಾಗ ಅದಾನ್ರಿ. ಅವನ ಕಡೆ ಪಿಸ್ತೂಲ ಬಿಚ್ಚಿ ಕೂಡ್ಸೂದು ಕಲತೇನ್ರಿ" ಎಂದುಬಿಟ್ಟೆ. ಮಾವ ಮಿಲಿಟರಿಯಲ್ಲಿದ್ದದ್ದು ಖರೆ. ಅವನು ಅಲ್ಲಿ ಅಡುಗೆ ಮಾಡುತ್ತಿದ್ದ.

ಸಾವಕಾರರು ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಚಹಾಕ್ಕೆ ಕೂತ ಬಂದೂಕಿನ ಶೋಕಿಯವರು, "ಈರಪ್ಪಾ, ನಿನ್ನ ಮೊದಲ್ನೇ ಪಿಸ್ತೂಲಿಂದ ಹೇಳಪಾ" ಎನ್ನುವರು. ನಾನು ಹೇಳುವೆನು. ವರ್ಷದಿಂದ ವರ್ಷಕ್ಕೆ ಕತೆ ಬೆಳೆಯಿತು. ಮೊದಮೊದಲು ಒಂದು ಪಿಸ್ತೂಲು ಬಿಚ್ಚಿದವನು, ಆಮೇಲೆ ಹತ್ತು ಬಿಚ್ಚಿದೆ. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಿಚ್ಚಿದ್ದೆ ಎನ್ನುವವರೆಗೆ ಬಂತು. ನಮ್ಮ ಭಾಗದಲ್ಲಿ ಪಿಸ್ತೂಲಿನ ಲೈಸೆನ್ಸು ಇದ್ದವರೇ ಅಪರೂಪ. ಇದ್ದ ಒಬ್ಬಿಬ್ಬರು ದುರಸ್ತಿಗೆ ಬೆಳಗಾವಿಗೆ ಹೋಗುತ್ತಿದ್ದರು. ನನ್ನ ಬಣ್ಣ ಬಯಲಾಗುವ ಭಯವೇ ಇರಲಿಲ್ಲ.

ಆ ವರ್ಷ ದಸರೆಗೆ ಮುಂಚೆ ಒಂದು ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸುದಾರರು ತಮ್ಮ ಆಯುಧಗಳನ್ನು ಠಾಣೆಯಲ್ಲೋ ಪರವಾನಿಗೆ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕು. ಸಂಪಗಾಂವದಿಂದ, ಕಿತ್ತೂರಿನಿಂದ ಬಂದೂಕುಗಳು ಮದುವೆಗೆ ಬಂದ ಬೀಗರಂತೆ ಬಂದು ನಮ್ಮ ಗೋಡೆಗೆ ಒರಗಿ ನಿಂತವು. ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಒಳಕೋಣೆಯಲ್ಲಿ ಇಟ್ಟು ಬೀಗ ಹಾಕುತ್ತಿದ್ದೆವು, ಚಾವಿ ನನ್ನ ಹತ್ತಿರ. ಠೇವಣಿ ಇಟ್ಟದ್ದನ್ನು ಒರೆಸಬಹುದು, ಬಿಚ್ಚುವಂತಿಲ್ಲ. ಇದು ಸಾವಕಾರರ ನಿಯಮ.

ಒಂದು ಮಧ್ಯಾಹ್ನ ಹೂಲಿಯಿಂದ ಗಂಗವ್ವ ಗೌಡ್ತಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಗಟ್ಟಿ ದನಿ. ಗಂಡ ತೀರಿಕೊಂಡ ಮೇಲೆ ಅವರ ಪಿಸ್ತೂಲಿನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಪ್ರತಿ ಸಲ ಸವದತ್ತಿಯ ಠಾಣೆಯಲ್ಲಿ ಇಡುತ್ತಿದ್ದವರು, ಮಗಳ ಮನೆ ಬೈಲಹೊಂಗಲದಲ್ಲೇ ಇರುವುದರಿಂದ ಈ ಸಲ ನಮ್ಮಲ್ಲಿಗೆ ಬಂದಿದ್ದರು. ಚೀಲದೊಳಗಿಂದ ಕೂಸಿನ ಕುಂಚಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಳಗೆ ಪಿಸ್ತೂಲು.

ಬೆಲ್ಜಿಯಂ ದೇಶದ ಹಳೆಯ ಮಾಲು, ಪಾಯಿಂಟ್ ಮೂವತ್ತೆರಡು ಬೋರು. ಸೆಮಿ ಆಟೋಮ್ಯಾಟಿಕ್ ಎಂದರೆ ಏನೆಂದು ಇಲ್ಲಿ ಹೇಳಬೇಕು. ಒಂದು ಗುಂಡು ಹಾರಿದೊಡನೆ ಅದರ ಒದೆತಕ್ಕೇ ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗು ಅದನ್ನು ಮುಂದೆ ತಳ್ಳಿದಾಗ ಹಿಡಿಯೊಳಗಿನ ಮ್ಯಾಗಜಿನ್ನಿನಿಂದ ಮುಂದಿನ ಗುಂಡು ಏರಿ ಕೂರುತ್ತದೆ. ಮತ್ತೆ ಕುದುರೆ ಎಳೆಯುವುದಷ್ಟೇ ನಮ್ಮ ಕೆಲಸ. ಗಂಗವ್ವನವರ ಪಿಸ್ತೂಲಿನಲ್ಲಿ ಆ ಸ್ಪ್ರಿಂಗು ನಳಿಗೆಯನ್ನು ಸುತ್ತಿಕೊಂಡಿತ್ತು. ಮೂತಿಯ ಬಳಿ ಒಂದು ಸಣ್ಣ ಉಕ್ಕಿನ ಉಂಗುರ, ನಮ್ಮ ಮಾತಿನಲ್ಲಿ ಬುಶ್, ಅದನ್ನು ಹಿಡಿದಿಟ್ಟಿತ್ತು.

"ಮಿಸ್ತ್ರಿ, ನಾ ಗಂಡನ ಮನಿಗೆ ನಡೀಲಾಕ ಬಂದ ವರ್ಷ ನಮ್ಮನಿಯವರು ಇದನ್ನ ತಂದ್ರು" ಎಂದು ಗಂಗವ್ವ ಕುರ್ಚಿಯಲ್ಲಿ ಕೂತು ಹೇಳತೊಡಗಿದರು. "ಬದುವಿನ ಮ್ಯಾಲೆ ಕುಂಬಳಕಾಯಿ ಇಟ್ಟು, ಹೊಡಿ ನೋಡೂಣು ಅಂದ್ರು. ನಾ ಹೊಡದೆ. ಕುಂಬಳಕಾಯಿ ಹಂಗ ಕುಂತಿತ್ತು. ಆಚೀಕಡೆ ಜಾಲಿಗಿಡಕ್ಕ ಸಿಗಿಸಿದ್ದ ಅವರ ರುಮಾಲಿಗೆ ತೂತ ಬಿತ್ತು."

"ಗೌಡರು ಏನಂದ್ರರೀ?" ಎಂದರು ಸಾವಕಾರರು.

"ಏನಂತಾರ? ಅವತ್ತಿನಿಂದ ನಾ ಯಾವ ಮಾತೂ ಎರಡನೇ ಸಲ ಹೇಳೂ ಪ್ರಸಂಗ ಬರಲಿಲ್ಲ."

ನಾವು ನಕ್ಕೆವು. ಸಾವಕಾರರು ಹೆಮ್ಮೆಯಿಂದ ನನ್ನ ಕಡೆ ಕೈಮಾಡಿ, "ನಮ್ಮ ಈರಪ್ಪ ಕಣ್ಣ ಕಟಗೊಂಡು ಪಿಸ್ತೂಲ ಬಿಚ್ಚತಾನ್ರಿ" ಎಂದರು. ಗಂಗವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಇದನ್ನ ಕಣ್ಣ ತಗದೂ ಬಿಚ್ಚಬ್ಯಾಡ್ರಿ. ಇಟ್ಟ ಹಂಗ ಕೊಡ್ರಿ. ಖಂಡೇ ಪೂಜಿಗೆ ಬೇಕು" ಎಂದು ಎದ್ದು ಹೋದರು. ಖಂಡೇ ಪೂಜೆ ಎಂದರೆ ದಸರೆಯ ಆಯುಧ ಪೂಜೆ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಸಾವಕಾರರು ಊಟಕ್ಕೆ ಹೋದಾಗ ಕುಂಚಿಗೆ ಬಿಚ್ಚಿದೆ. ಮ್ಯಾಗಜಿನ್ ಬೇರೆ ಇದೆ, ನಳಿಗೆ ಖಾಲಿ ಇದೆ ಎಂದು ಎರಡು ಸಲ ನೋಡಿದೆ. ಆಮೇಲೆ ಕೈಯಲ್ಲಿ ಹಿಡಿದೆ. ಮೂವತ್ತೊಂದು ವರ್ಷ ಸುಳ್ಳು ಹೇಳಿದ ಸುಖ ಅವತ್ತು ಮೊದಲ ಸಲ ಖರೆ ಆಯಿತು. ಅಂಗೈಗೆಂದೇ ಅಳತೆ ತೆಗೆದುಕೊಂಡು ಮಾಡಿದ ಹಾಗಿತ್ತು. ಸ್ಲೈಡ್ ಹಿಂದಕ್ಕೆಳೆದು ಬಿಟ್ಟರೆ ಎಣ್ಣೆ ಕುಡಿದ ಚಿಲಕದಂತೆ ಒಂದೇ ಮಾತಿನಲ್ಲಿ ಮುಚ್ಚಿಕೊಂಡಿತು. ಒಬ್ಬನೇ ಕೂತು ನಗುತ್ತಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. ಬುಶ್ಶನ್ನು ಒತ್ತಿ ತಿರುಗಿಸಿದರೆ ಬಿಚ್ಚುತ್ತದೆ ಎಂದು ನೋಡಿದೊಡನೆ ತಿಳಿಯಿತು. ಒತ್ತಿದೆ, ತಿರುಗಿಸಿದೆ.

ಟಣ್ ಎಂದಿತು. ಸ್ಪ್ರಿಂಗು ನನ್ನ ಗದ್ದಕ್ಕೆ ಬಡಿದು ಮಡಿಲಿಗೆ ಬಿತ್ತು. ಬುಶ್ಶು ಮೇಲಿನ ತಗಡಿಗೆ ತಾಗಿ, ಪಕ್ಕದ ಕಿಟಕಿಯ ಸರಳುಗಳ ನಡುವಿನಿಂದ ಹಾರಿಹೋಯಿತು. ಕಿಟಕಿಯ ಆಚೆ ಸಿದ್ರಾಮ ಚುರಮರಿ, ಎಂದರೆ ಮಂಡಕ್ಕಿ, ಹುರಿಯುವ ಭಟ್ಟಿ. ಅಂಗಳದ ತುಂಬ ಆಳೆತ್ತರದ ಚುರಮರಿ ರಾಶಿ.

ಓಡಿದೆ. ಮೊಣಕಾಲೂರಿ ಎರಡೂ ಕೈಯಿಂದ ರಾಶಿ ಬಗೆಯುತ್ತಿದ್ದವನನ್ನು ಸಿದ್ರಾಮ ಜರಡಿ ಹಿಡಿದು ನೋಡುತ್ತ ನಿಂತ.

"ಏನ್ ಹುಡುಕಾಕ ಹತ್ತಿಯೋ?"

"ಉಂಗುರ ಬಿದ್ದೈತಿ."

"ಬಂಗಾರದ್ದೇನು?"

"ಕಬ್ಬಿಣದ್ದು."

"ಶನಿಕಾಟಕ್ಕ ಹಾಕ್ಕೊಂಡಿದ್ದೇನು? ಹಂಗಿದ್ರ ಬಿಡು. ಉಂಗುರ ಹೋತು, ಶನಿನೂ ಹೋತು."

ನನ್ನ ಶನಿ ಆಗಷ್ಟೇ ಬಂದು ಕೂತಿತ್ತು. ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಬುಶ್ ಬಿದ್ದಿರಬಹುದಾದ ಕಡೆಯ ಎರಡು ಚೀಲ ಚುರಮರಿಯನ್ನು ಮನೆಗೆ ಹೊರಿಸಿಕೊಂಡು ಹೋಗಿ ಮೊರದಲ್ಲಿ ಕೇರಿದೆ. ಬುಶ್ ಇರಲಿಲ್ಲ, ಚುರಮರಿ ಮಾತ್ರ ಉಳಿಯಿತು. ಮನೆಯಲ್ಲಿ ಮುಂಜಾನೆ ಚುರಮರಿಯ ಸೂಸಲಾ, ಸಂಜೆ ಚುರಮರಿಯದೇ ಗಿರಮಿಟ್ ಶುರುವಾಯಿತು. ನಾಲ್ಕನೆಯ ದಿನ ಹೆಂಡತಿ, "ಊರಾಗ ಜ್ವಾಳ ತೀರ್ಯಾವೇನ್ರಿ?" ಎಂದು ಕೇಳಿದಳು.

ಅಷ್ಟರಲ್ಲಿ ಹೇಳಿಬಿಡಬಹುದಿತ್ತು. ಬೆಳಗಾವಿಯ ದೊಡ್ಡ ಅಂಗಡಿಯಿಂದ ಸರಿಯಾದ ಬುಶ್ ತರಿಸಬಹುದಿತ್ತು. ಆದರೆ ತರಿಸಬೇಕಾದರೆ ಸಾವಕಾರರಿಗೆ ಹೇಳಬೇಕು, ಹೇಳಿದರೆ ಪಿಸ್ತೂಲ್ ಈರಪ್ಪ ಸಾಯುತ್ತಾನೆ. ಅವನನ್ನು ಉಳಿಸಿಕೊಳ್ಳಲು ನಾನು ರಾಮದುರ್ಗದ ಬಸ್ಸು ಹತ್ತಿದೆ. ಅಲ್ಲಿ ನನ್ನ ಹಳೆಯ ಗೆಳೆಯ ಮೀರಾಸಾಬ ಲೇತ್ ಇಟ್ಟುಕೊಂಡು ಮಗ್ಗದ ಸಾಮಾನು ಮಾಡುತ್ತಿದ್ದ. ಬಂದೂಕಿನ ಭಾಗವನ್ನು ಪರವಾನಿಗೆ ಇಲ್ಲದವರ ಹತ್ತಿರ ಮಾಡಿಸುವುದು ಕಾಯ್ದೆಗೆ ವಿರುದ್ಧ. ಅದು ಗೊತ್ತಿದ್ದೇ, ಅಳತೆಯ ಚೀಟಿ ಕೊಟ್ಟು, "ಬೆಳಿಗೆ ಎಣ್ಣಿ ಹೊಡಿಯೂ ಪಂಪಿಂದು" ಎಂದೆ. ನನ್ನನ್ನು ನಂಬಿದವನಿಗೂ ಸುಳ್ಳು ಹೇಳಿದ್ದಾಯಿತು.

ಅವನು ಮಾಡಿಕೊಟ್ಟು, "ಮೆತ್ತಗಿನ ಕಬ್ಬಿಣ ನೋಡು ಈರಪ್ಪಾ. ಪಂಪಿಗೆ ನಡೀತೈತಿ. ಜೋರ ಬೀಳೂ ಕಡೆ ಹಾಕಬ್ಯಾಡ" ಎಂದ.

ಅರದಿಂದ ಅಂಚು ಉಜ್ಜಿದ ಮೇಲೆ ಬುಶ್ ಅಳತೆಗೆ ಸರಿಯಾಗಿ ಕೂತಿತು. ಹೊಳಪು ಕಾಣದಂತೆ ಸುಟ್ಟ ಎಣ್ಣೆ ಸವರಿದೆ. ಸ್ಲೈಡ್ ಆಡಿತು. ಆದರೆ ಮೀರಾಸಾಬನ ಮಾತು ಕಿವಿಯಲ್ಲೇ ಉಳಿಯಿತು. ಗುಂಡು ಹಾರಿದಾಗ ಆ ಬುಶ್ ಕಿತ್ತರೆ ಸ್ಪ್ರಿಂಗಿನ ಸಮೇತ ಹೊರಬೀಳುತ್ತದೆ, ಪಿಸ್ತೂಲು ಹಿಡಿದವರ ಕೈಯಲ್ಲೇ ಕೆಡುತ್ತದೆ.

ಫಲಿತಾಂಶ ಬಂದು, ಖಂಡೇ ಪೂಜೆಗೆ ಎರಡು ದಿನ ಇರುವಾಗ ಗಂಗವ್ವ ಬಂದರು. ಕುಂಚಿಗೆ ಬಿಚ್ಚಿ, ಸ್ಲೈಡ್ ಒಮ್ಮೆ ಎಳೆದು ಬಿಟ್ಟರು. ಸೆರಗಿನಿಂದ ಮೂತಿ ಒರೆಸಿ, ಸೆರಗನ್ನು ನೋಡಿಕೊಂಡರು.

"ಚಲೋ ಎಣ್ಣಿ ಹಾಕೀರಿ ಮಿಸ್ತ್ರಿ. ಬನ್ನಿ ಹಬ್ಬದ ಮರುದಿನ ಧಾರವಾಡದ ರೇಂಜಿಗೆ ಹೋಗಿ ಐದ ಗುಂಡ ಹಾರಸ್ತೇನಿ. ವರ್ಷಾ ಹಾರಸ್ತೇನಿ. ತೊಂದ್ರಿ ಏನಿಲ್ಲಲಾ?"

"ಏನಿಲ್ಲ ಅಕ್ಕಾರ" ಎಂದೆ.

ಆ ಎರಡು ಶಬ್ದ ಹೇಳಿದ ಬಾಯಿಗೆ ಎರಡು ದಿನ ಅನ್ನ ಇಳಿಯಲಿಲ್ಲ. ಖಂಡೇ ಪೂಜೆಯ ದಿನ ಅಂಗಡಿಯಲ್ಲಿ ಅರ, ಸುತ್ತಿಗೆ, ಇಕ್ಕಳಗಳಿಗೆ ಹೂವೇರಿಸಿ, ಸಾವಕಾರರು ಮಂಗಳಾರತಿ ಹಚ್ಚುವಾಗ ನನಗೆ ಕೈ ಜೋಡಿಸಲಾಗಲಿಲ್ಲ. ಯಾವ ಅರದಿಂದ ಆ ಸುಳ್ಳು ಬುಶ್ಶಿನ ಅಂಚು ಸವರಿದ್ದೆನೋ ಅದೇ ಅರ ಕುಂಕುಮ ಹಚ್ಚಿಕೊಂಡು ಮುಂದೆ ಕೂತಿತ್ತು. ಪ್ರಸಾದಕ್ಕೂ ನಿಲ್ಲದೆ ಸವದತ್ತಿ ಬಸ್ಸು ಹಿಡಿದೆ. ಅಲ್ಲಿಂದ ಹೂಲಿಗೆ ಟೆಂಪೋ.

ಗಂಗವ್ವನವರ ಪಡಸಾಲೆಯಲ್ಲಿ ಕುಡಗೋಲು, ಕುರಪಿ, ಟ್ರ್ಯಾಕ್ಟರಿನ ಚಾವಿ, ಸೊಸೆಯ ಹೊಲಿಗೆ ಮಷಿನ್ನು, ಎಲ್ಲದರ ನಡುವೆ ಕುಂಚಿಗೆಯ ಮೇಲೆ ಪಿಸ್ತೂಲು. ಎಲ್ಲಕ್ಕೂ ಕುಂಕುಮ ಇತ್ತು, ಪಿಸ್ತೂಲಿಗೆ ಇರಲಿಲ್ಲ. ಕುಂಚಿಗೆಗೆ ಹಚ್ಚಿದ್ದರು.

"ಬರ್ರಿ ಮಿಸ್ತ್ರಿ, ಕುಂಡರ್ರಿ. ಹೋಳಿಗಿ ತಿನ್ರಿ ಮೊದಲ."

"ಹೇಳಿ ತಿಂತೇನ್ರಿ ಅಕ್ಕಾರ" ಎಂದು ನಿಂತೇ ಎಲ್ಲ ಹೇಳಿದೆ. ಮಾವನ ಅಡುಗೆಯಿಂದ ಹಿಡಿದು ಮೀರಾಸಾಬನ ಮಾತಿನವರೆಗೆ. "ಅದನ್ನ ಹಾರಸಬ್ಯಾಡ್ರಿ. ಬೆಳಗಾವಿಯಿಂದ ಖರೇ ಬುಶ್ ತರಸಿ ಕೊಡತೇನಿ. ನನ್ನ ಮ್ಯಾಲೆ ಫಿರ್ಯಾದಿ ಕೊಟ್ರೂ ನಡೀತೈತ್ರಿ."

ಅವರು ದೇವರ ಜಗಲಿಯ ಮೇಲಿದ್ದ ಕುಂಕುಮದ ಭರಣಿ ತಂದು, ಬೆರಳು ಹಾಕಿ ಕೆದರಿ, ಕೆಂಪಗಾಗಿದ್ದ ಒಂದು ವಸ್ತುವನ್ನು ತೆಗೆದು ಸೆರಗಿನಿಂದ ಒರೆಸಿದರು. ಉಕ್ಕಿನ ಉಂಗುರ. ಹೊರಮೈಗೆ ಸಣ್ಣ ಗೆರೆಗಳು.

"ಇದು ಬೆಲ್ಜಿಯಂದು" ಎಂದರು. "ಪಿಸ್ತೂಲ ತಂದ ವಾರದಾಗ ನಮ್ಮನಿಯವರು ಬಿಚ್ಚಾಕ ಹೋಗಿ ಇದನ್ನ ಹಾರಿಸಿ ಕಳದ್ರು. ನನಗ ಹೇಳಲಿಲ್ಲ. ಬೆಳಗಾವ್ಯಾಗ ಬ್ಯಾರೇದು ಮಾಡಿಸಿ ಹಾಕಿದ್ರು. ನೀವು ಕಳದದ್ದು ಆ ಬ್ಯಾರೇದು. ಇದು ಆಮ್ಯಾಲೆ ನೆಲದಾಗಿನ ಹಗೇದಿಂದ ಜ್ವಾಳ ತಗಿಯೂ ಮುಂದ ಸಿಕ್ತು."

"ಮತ್ತ ಹಾಕಲಿಲ್ಲೇನ್ರಿ?"

"ಗಂಡನ ಸುಳ್ಳಿನ ಸಾಕ್ಷಿ ಯಾರರ ಕೈ ಬಿಡತಾರೇನು? ಇಟಗೊಂಡೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಂದು ಯಾವಾಗ ಗೊತ್ತಾತ್ರಿ ನಿಮಗ?"

"ಅಂಗಡ್ಯಾಗ. ಸೆರಗಿಗೆ ಕರಿ ಹತ್ತಿತು, ಒಳಗ ಬೆಳ್ಳಗ ಕಂಡಿತು. ಕೂಸಿಗೆ ಹೊಸಾ ಹಲ್ಲ ಬಂದಂಗ." ಅವರು ಈಗ ನಗುತ್ತಿದ್ದರು. "ಅದಕ್ಕ ರೇಂಜಿನ ಮಾತ ಹೇಳಿ ಬಂದೆ. ಬರತಾರೋ ಇಲ್ಲೋ ನೋಡೂಣು ಅಂತ. ನಮ್ಮನಿಯವರು ಬಾಯಿ ಬಿಡಾಕ ಹನ್ನೊಂದ ತಿಂಗಳ ತಗೊಂಡ್ರು. ನೀವು ಎರಡ ದಿನದಾಗ ಬಂದ್ರಿ. ಚಲೋ ಮಂದಿ ನೀವು."

ಹೋಳಿಗೆ ತಿಂದ ಮೇಲೆ ಪಿಸ್ತೂಲನ್ನು ನನ್ನ ಮುಂದಿಟ್ಟು, "ಈಗ ಬಿಚ್ಚರಿ" ಎಂದರು. ನನ್ನ ಕೈ ಬುಶ್ಶಿಗೆ ಹೋದೊಡನೆ ಫಟ್ಟನೆ ಬೆರಳ ಮೇಲೆ ಏಟು ಬಿತ್ತು. "ಅಂಗೈ ಅಡ್ಡ ಹಿಡೀರಿ ಮೊದಲ. ಹಾರೂದು ಅಂತ ಗೊತ್ತಿದ್ರೂ ಗಂಡಸರು ಕೈ ಅಡ್ಡ ಹಿಡಿಯೂದಿಲ್ಲ." ಅಂಗೈ ಅಡ್ಡ ಹಿಡಿದು ಒತ್ತಿ ತಿರುಗಿಸಿದೆ. ಸ್ಪ್ರಿಂಗು ಬೆಕ್ಕಿನ ಮರಿಯಂತೆ ಅಂಗೈಗೆ ಬಂದು ಕೂತಿತು. ಬೆಲ್ಜಿಯಂನ ಬುಶ್ ಹಾಕಿ ಮುಚ್ಚಿದೆ. ನಾನು ಸರಿಯಾಗಿ ಬಿಚ್ಚಿ ಕೂಡಿಸಿದ ಮೊದಲ ಪಿಸ್ತೂಲು ಅದು, ಗುರು ಗಂಗವ್ವ. ಆ ಸಂತೋಷ ಇಂದಿಗೂ ಕೈಯಲ್ಲಿದೆ.

ಹೊರಡುವಾಗ ಮೆತ್ತಗಿನ ಬುಶ್ಶನ್ನು ನನ್ನ ಕೈಗಿಟ್ಟು, "ಇದನ್ನ ನಾಳೆ ಬನ್ನಿ ಕೊಡೂ ಮುಂದ ಸಾವಕಾರರ ಮುಂದ ಇಡ್ರಿ" ಎಂದರು. ಮರುದಿನ ಹಾಗೆಯೇ ಮಾಡಿದೆ. ಬನ್ನಿ ಎಲೆಯ ಜೊತೆಗೆ ಬುಶ್ ಇಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎನ್ನುವ ಮೊದಲೇ ಎಲ್ಲ ಹೇಳಿದೆ. ಸಾವಕಾರರು ಬುಶ್ಶನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದರು. ಒಳಕೋಣೆಯ ಚಾವಿಯನ್ನು ನನ್ನಿಂದ ಇಸಕೊಂಡರು. ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೆಯ ದಿನ ಚಹಾಕ್ಕೆ ಬಂದ ಯಾರೋ, "ಈರಪ್ಪಾ, ಮೊದಲ್ನೇ ಪಿಸ್ತೂಲಿಂದ ಹೇಳಪಾ" ಎಂದರು. ಸಾವಕಾರರು ಪೇಪರಿನಿಂದ ತಲೆ ಎತ್ತದೆ, "ಹೇಳೋ, ಈ ಸಲ ಖರೇ ಕತಿ ಐತಿ" ಎಂದರು. ಹೇಳಿದೆ. ಕಣ್ಣು ಕಟ್ಟಿಕೊಂಡ ಕತೆಗಿಂತ ಹೆಚ್ಚು ನಕ್ಕರು. ಚಾವಿ ದೀಪಾವಳಿಗೆ ಮರಳಿ ಬಂತು. ರಾಮದುರ್ಗಕ್ಕೂ ಹೋಗಿ ಹೇಳಿದೆ. ಮೀರಾಸಾಬ ಬೈದದ್ದನ್ನು ಇಲ್ಲಿ ಬರೆಯಲಾಗದು.

ಆಮೇಲಿನ ನಾಲ್ಕು ವರ್ಷ, ಅಂಗಡಿ ಬಿಡುವವರೆಗೆ, ಹೊಸ ಕೆಲಸಗಾರರಿಗೆ ನಾನು ಮೊದಲು ಹೇಳಿದ್ದು ಒಂದೇ. ಗೊತ್ತಿಲ್ಲದ್ದನ್ನು ಬಿಚ್ಚುವಾಗ ಗೊತ್ತಿಲ್ಲ ಎಂದು ಹೇಳಿ ಬಿಚ್ಚಿರಿ, ಅಂಗೈ ಅಡ್ಡ ಇರಲಿ, ಆದರೂ ಹಾರಿದರೆ ಅದೇ ದಿನ ಹೇಳಿರಿ. ಸಿದ್ರಾಮನ ಭಟ್ಟಿಗೆ ಹಾರಿದ ಬುಶ್ ಇವತ್ತಿಗೂ ಸಿಕ್ಕಿಲ್ಲ. ಬೈಲಹೊಂಗಲದಲ್ಲಿ ಯಾರ ಮನೆಯಲ್ಲಿ ಗಿರಮಿಟ್ ಕೊಟ್ಟರೂ ನಾನು ಮೆಲ್ಲಗೆ ಕಚ್ಚುತ್ತೇನೆ.